ಎಲ್ಲಿಗೆ ಹೊರಟದ್ದು?

ಉಚ್ಚಿಲದಲ್ಲಿ ಮನೆಯ ಗೇಟಿನಿಂದ ಹೆದ್ದಾರಿಯ ಬಸ್‌ಸ್ಟಾಪಿಗೆ ನಡೆದು ಬರುವಷ್ಟರಲ್ಲಿ ಕನಿಷ್ಠ ಮೂರು ಜನ ಕೇಳ್ತಾರೆ, "ಎಲ್ಲಿಗೆ ಹೊರಟದ್ದು?" ತುಳುವಿನಲ್ಲಾದರೆ "ಓಡೆಗ್ ಪೋಪಿನಿ?" ಕೈಯಲ್ಲಿ ಸೂಟ್‌ಕೇಸ್ ಇದ್ದರೆ ಮೂರು ಇದ್ದದ್ದು ಆರಾಗುತ್ತದೆ. ಮೀನಿನ ಬುಟ್ಟಿ ಹೊತ್ತು ಬರುವ ಅಕ್ಕ, ಅಂಗಡಿಯ ಅಣ್ಣ, ಸ್ಕೂಟರ್ ನಿಧಾನ ಮಾಡಿದ ಯಾರೋ ಮಾವ. ಬಸ್ ಹತ್ತಿದರೆ ಕಂಡಕ್ಟರ್ ಕೂಡ ಅದನ್ನೇ ಕೇಳ್ತಾರೆ. ಇಷ್ಟು ಜನರಲ್ಲಿ ನಿಜವಾಗಿ ಉತ್ತರ ಬೇಕಾದದ್ದು ಅವರೊಬ್ಬರಿಗೆ ಮಾತ್ರ!

ಉಳಿದವರಿಗೆ "ಹೀಗೇ, ಇಲ್ಲೇ" ಎಂದರೆ ಸಾಕು. ನೀವು ಪಡುಬಿದ್ರಿಗೆ ಹೊರಟಿರಿ, ದುಬೈಗೆ ಹೊರಟಿರಿ, ಉತ್ತರ ಅದೇ. ಅವರಿಗೂ ಬೇಜಾರಿಲ್ಲ, ನಿಮಗೂ ಸುಳ್ಳು ಹೇಳಿದ ಹಾಗಲ್ಲ. ಅದು ಪ್ರಶ್ನೆಯ ವೇಷ ಹಾಕಿದ ನಮಸ್ಕಾರ, ಅಷ್ಟೇ.

ಇದು ನಮಸ್ಕಾರ ಅಂತ ನನಗೆ ಅರ್ಥವಾದದ್ದು ಕೆಲಸದ ನಿಮಿತ್ತ ಹೊರದೇಶಗಳಿಗೆ ಓಡಾಡಲು ಶುರುಮಾಡಿದ ಮೇಲೆ. ಅಲ್ಲಿ ಯಾರೂ ಅದನ್ನು ಕೇಳುವುದಿಲ್ಲವಲ್ಲ!

ಟೋಕಿಯೊದ ಲೋಕಲ್ ರೈಲು ಹತ್ತಿ ನೋಡಿ. ಬೆಳಿಗ್ಗೆ ಎಂಟು ಗಂಟೆಗೆ ಕಾಲಿಡಲು ಜಾಗವಿಲ್ಲ, ಆದರೂ ಗಾಲಿಯ ಸದ್ದು ಸರಿಯಾಗಿ ಕೇಳುತ್ತದೆ. ಫೋನ್ ಸೈಲೆಂಟಿನಲ್ಲಿಡಿ, ಮಾತಾಡಬೇಡಿ ಎಂಬ ಸೂಚನೆ ಬೋಗಿಯಲ್ಲೇ ಬರುತ್ತದೆ. ನಮ್ಮ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನು, ಹಾಡು, "ರೈಟ್, ಪೋಯಿ" ಇದಕ್ಕೆಲ್ಲ ಒಗ್ಗಿದ ಕಿವಿಗೆ ಆ ಮೌನ ಮೊದಲು ಹೆದರಿಕೆಯನ್ನೇ ಹುಟ್ಟಿಸುತ್ತದೆ. ಇವರೆಲ್ಲ ಜಗಳ ಮಾಡಿಕೊಂಡು ಬಂದಿದ್ದಾರಾ ಎಂತ?

ಹಾಗಂತ ಮನುಷ್ಯರು ಒರಟರಲ್ಲ. ಸ್ಟೇಷನ್ನಿನಲ್ಲಿ ದಾರಿ ಕೇಳಿದ್ದಕ್ಕೆ ಒಬ್ಬ ಹಿರಿಯರು ತಮ್ಮ ಕೆಲಸ ಬಿಟ್ಟು, ಎರಡು ಮಹಡಿ ಇಳಿದು, ನನ್ನನ್ನು ಸರಿಯಾದ ಪ್ಲಾಟ್‌ಫಾರ್ಮಿಗೇ ಮುಟ್ಟಿಸಿ ಬಗ್ಗಿ ವಂದಿಸಿ ಹೋದರು. ಆ ಹೊತ್ತಿನಲ್ಲಿ ಯಾವ ದೇಶ, ಎಂತ ಕೆಲಸ, ಮದುವೆ ಆಗಿದೆಯಾ, ಒಂದೂ ಕೇಳಲಿಲ್ಲ. ಉಚ್ಚಿಲದಲ್ಲೂ ಖಂಡಿತ ಯಾರಾದರೂ ಹಾಗೇ ನಡೆದುಬಂದು ದಾರಿ ತೋರಿಸ್ತಾರೆ. ಆದರೆ ಮನೆ ಮುಟ್ಟುವಷ್ಟರಲ್ಲಿ ನೀವು ಯಾರ ಮಗ, ಅಜ್ಜಿಯ ಊರು ಯಾವುದು ಎಂಬುದೆಲ್ಲ ಅವರಿಗೆ ಗೊತ್ತಾಗಿರುತ್ತದೆ. ನಮ್ಮಲ್ಲಿ ಕೇಳುವುದು ಮರ್ಯಾದೆ, ಅಲ್ಲಿ ಕೇಳದೆ ಇರುವುದು ಮರ್ಯಾದೆ.

ಲಂಡನ್ನಿನವರದ್ದು ನಡುವಿನ ದಾರಿ. ಆಫೀಸಿನ ಬಾಗಿಲಲ್ಲಿ ಎದುರಾದವರು "ಆಲ್ ರೈಟ್?" ಅಂತಾರೆ. ಹೊಸಬರು ನಿಂತು ನಿದ್ದೆ ಬಾರದ್ದು, ಬೆನ್ನುನೋವು ಎಲ್ಲ ಹೇಳಲು ಹೊರಟರೆ ಕೇಳಿದವರು ಆಗಲೇ ಲಿಫ್ಟಿನಲ್ಲಿರ್ತಾರೆ. ಸರಿಯಾದ ಉತ್ತರ ಇನ್ನೊಂದು "ಆಲ್ ರೈಟ್". ಇದೂ ನಮ್ಮ "ಹೀಗೇ, ಇಲ್ಲೇ"ಯ ಅಣ್ಣನೇ. ವ್ಯತ್ಯಾಸ ಒಂದೇ, ಅದು ಹೆಚ್ಚಾಗಿ ಗುರುತಿನವರ ನಡುವಿನ ಮಾತು. ಬೀದಿಯ ಅಪರಿಚಿತರ ನಡುವೆ ಏನಿದ್ದರೂ ಮಳೆ, ಚಳಿಯ ಸುದ್ದಿ.

ನನಗೆ ಊರು ನೆನಪಾದದ್ದು ಸಿಂಗಾಪುರದಲ್ಲಿ. ಅಲ್ಲಿನ ಚೀನೀ ಮೂಲದ ಹಿರಿಯರು ಎದುರಾದಾಗ ಕೇಳುವುದು "ಊಟ ಆಯ್ತಾ?" ಎಂದು. ನಮ್ಮ "ವಣಸ್ ಆಂಡಾ?" ಇದ್ದ ಹಾಗೇ. ಆಗಿಲ್ಲ ಎಂದರೆ ಬಡಿಸಬೇಕೆಂದೇನೂ ಇಲ್ಲ!

ಅಲ್ಲಿ ಇನ್ನೊಂದು ಸಂಗತಿ ಗಮನಿಸಿದೆ. ಸಿಂಗಾಪುರದ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಇರುವುದು ಎಚ್‌ಡಿಬಿ ಎಂಬ ಸರ್ಕಾರಿ ವಸತಿ ಮಂಡಳಿಯ ಫ್ಲ್ಯಾಟ್‌ಗಳಲ್ಲಿ. ಆ ಎತ್ತರದ ಕಟ್ಟಡಗಳಲ್ಲಿ ಹಲವಕ್ಕೆ ನೆಲಮಹಡಿಯಲ್ಲಿ ಮನೆಗಳಿಲ್ಲ, ಕಂಬಗಳ ನಡುವೆ ತೆರೆದ ಜಾಗ ಬಿಟ್ಟಿದ್ದಾರೆ. ವಾಯ್ಡ್ ಡೆಕ್ ಅಂತಾರೆ. ಅಲ್ಲೇ ಮಲಯ ಕುಟುಂಬದ ಮದುವೆಯೂ ಆಗುತ್ತದೆ, ಚೀನೀ ಕುಟುಂಬದ ಸಾವಿನ ಕಾರ್ಯವೂ ನಡೆಯುತ್ತದೆ, ಮುದುಕರು ಚದುರಂಗವನ್ನೂ ಆಡ್ತಾರೆ. ಹತ್ತನೇ ಮಹಡಿಯವರು ಅಂಗಡಿಗೆ ಹೋಗಬೇಕಾದರೂ ಅದರ ಮೂಲಕವೇ ಹೋಗಬೇಕು. "ಊಟ ಆಯ್ತಾ?" ಎಂದು ಕೇಳಲು ಮನಸ್ಸೊಂದಿದ್ದರೆ ಸಾಲದು, ಎದುರಾಗಲು ಒಂದು ಜಾಗವೂ ಬೇಕು.

ಕೇಳುವವರೇ ಇಲ್ಲವಾದರೆ ಏನಾಗುತ್ತದೆ? ಬ್ರಿಟನ್ 2018ರ ಜನವರಿಯಲ್ಲಿ ಒಂಟಿತನದ ಸಮಸ್ಯೆ ನೋಡಿಕೊಳ್ಳಲೆಂದೇ ಒಬ್ಬ ಸಚಿವರನ್ನು ನೇಮಿಸಿತು. 2021ರ ಫೆಬ್ರವರಿಯಲ್ಲಿ ಜಪಾನ್ ಕೂಡ ಅದನ್ನೇ ಮಾಡಿತು. ಯಾರಿಗೂ ತಿಳಿಯದೆ ಮನೆಯೊಳಗೆ ಒಂಟಿಯಾಗಿ ಸಾಯುವುದಕ್ಕೆ ಜಪಾನಿ ಭಾಷೆಯಲ್ಲಿ ಕೊಡೊಕುಶಿ ಎಂಬ ಪದವೇ ಉಂಟು. ಅಲ್ಲಿನ ಪೊಲೀಸರ ಲೆಕ್ಕದಲ್ಲಿ 2024ರಲ್ಲಿ ಒಬ್ಬರೇ ವಾಸವಿದ್ದು ಮನೆಯಲ್ಲೇ ತೀರಿಹೋದವರು 76 ಸಾವಿರಕ್ಕೂ ಹೆಚ್ಚು. ಅವರಲ್ಲಿ ಹೆಚ್ಚಿನವರು 65 ದಾಟಿದವರು. 2017ರಲ್ಲಿ ಜಪಾನಿನ ಅಂಚೆ ಇಲಾಖೆಯ ಕಂಪನಿ ದೇಶದಾದ್ಯಂತ ಒಂದು ಸೇವೆ ಶುರುಮಾಡಿತು. ಮಕ್ಕಳು ಶುಲ್ಕ ಕಟ್ಟಿದರೆ ಅಂಚೆಯವರು ತಿಂಗಳಿಗೊಮ್ಮೆ ಅಪ್ಪ–ಅಮ್ಮನ ಮನೆಗೆ ಹೋಗಿ, ಮಾತಾಡಿಸಿ, ಹೇಗಿದ್ದಾರೆಂದು ಮಕ್ಕಳಿಗೆ ವರದಿ ಕಳಿಸ್ತಾರೆ.

ಅಂದರೆ ಉಚ್ಚಿಲದಲ್ಲಿ ಮೀನಿನ ಅಕ್ಕ ಪುಕ್ಕಟೆ ಮಾಡುವ ಕೆಲಸಕ್ಕೆ ಅಲ್ಲಿ ದುಡ್ಡು ಕಟ್ಟಬೇಕು.

ಹೀಗೆಂದ ಕೂಡಲೇ "ನಮ್ಮ ಸಂಸ್ಕೃತಿಯೇ ಮೇಲು" ಎಂದು ಎದೆ ತಟ್ಟಿಕೊಳ್ಳುವ ಮೊದಲು ಸ್ವಲ್ಪ ತಾಳಿ. ನಮ್ಮೂರಿನ ಎಲ್ಲ ಪ್ರಶ್ನೆಗಳೂ ನಮಸ್ಕಾರವಲ್ಲ. "ಸಂಬಳ ಎಷ್ಟು?", "ಇನ್ನೂ ಮಕ್ಕಳಾಗಲಿಲ್ವಾ?", "ಮಗಳಿಗೆ ಗಂಡು ನೋಡ್ತಾ ಇಲ್ವಾ?" ಇವಕ್ಕೆ "ಹೀಗೇ, ಇಲ್ಲೇ" ನಡೆಯುವುದಿಲ್ಲ. ಇವು ಉತ್ತರ ಬೇಕೇ ಬೇಕು ಎಂದು ಬಾಗಿಲಲ್ಲಿ ಕೂರುವ ಪ್ರಶ್ನೆಗಳು. ಹಬ್ಬಕ್ಕೆ ಊರಿಗೆ ಹೋಗಲು ಮನಸ್ಸಿದ್ದೂ ಇವಕ್ಕೆ ಹೆದರಿ ಬೆಂಗಳೂರಿನಲ್ಲೇ ಉಳಿಯುವ ಗೆಳತಿಯರು ನನಗೂ ಇದ್ದಾರೆ. ಮೂವತ್ತೈದರ ಮದುವೆಯಾಗದ ಹುಡುಗಿಗೆ ಟೋಕಿಯೊದ ಮೌನ ಸ್ವರ್ಗ ಎನಿಸಿದರೆ ಅವಳದ್ದೇನೂ ತಪ್ಪಿಲ್ಲ ಮಾರಾಯ್ರೆ.

ಎರಡೂ ಬಗೆಯ ಪ್ರಶ್ನೆ ಒಂದೇ ಬಾಯಿಂದ ಬರುವುದರಿಂದ ನಾವು ಎರಡನ್ನೂ ಒಟ್ಟಿಗೇ ಕಿತ್ತು ಹಾಕ್ತಾ ಇದ್ದೇವೆ. ನನ್ನ ಚಿಂತೆ ಇದು. ನಮ್ಮ ಫ್ಲ್ಯಾಟಿನ ಲಿಫ್ಟಿನಲ್ಲಿ ಎಲ್ಲರೂ ಫೋನ್ ನೋಡ್ತೇವೆ, ಸರಿ. ಆದರೆ ಊರಿನಲ್ಲೂ ಎದುರಾಗುವ ಜಾಗಗಳು ಕಡಿಮೆಯಾಗ್ತಾ ಇವೆ. ಹೆದ್ದಾರಿ ಚತುಷ್ಪಥವಾದ ಮೇಲೆ ಆಚೆ ಬದಿಯ ಅಜ್ಜಿ ಈಚೆ ಬದಿಗೆ ಸುಮ್ಮನೆ ದಾಟಿ ಬರುವ ಹಾಗಿಲ್ಲ. ಮನೆಗಳಿಗೆ ಎತ್ತರದ ಕಾಂಪೌಂಡು ಬಂದಿದೆ. ಮಕ್ಕಳು ಮುಂಬೈ, ಗಲ್ಫ್, ಬೆಂಗಳೂರು. ಅಪ್ಪ–ಅಮ್ಮ ಇಬ್ಬರೇ, ಕೆಲವು ಕಡೆ ಒಬ್ಬರೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಕಡಿಮೆಯಾದರೆ ಮೀನಿನ ಅಕ್ಕನ ದಾರಿಯೂ ಅಪರೂಪ. ಜಡಿಮಳೆಯ ಆ ಎರಡು ತಿಂಗಳು ಎಷ್ಟೋ ಮನೆಯ ಬಾಗಿಲಲ್ಲಿ ದಿನಕ್ಕೊಂದು ಪ್ರಶ್ನೆಯೂ ಬೀಳುವುದಿಲ್ಲ.

ಅದಕ್ಕೆ ನಾವು ಕಂಡುಕೊಂಡ ಉಪಾಯ ಸಿಸಿಟಿವಿ. ದುಬೈಯಲ್ಲಿ ಕೂತು ಉಚ್ಚಿಲದ ಅಂಗಳ ನೋಡಬಹುದು. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಕ್ಯಾಮೆರಾಗೆ ಅಂಗಳ ಕಾಣುತ್ತದೆ, "ಎಂತ, ಎರಡು ದಿನದಿಂದ ಕಾಣಲೇ ಇಲ್ಲ?" ಅಂತ ಕೇಳಲು ಅದಕ್ಕೆ ಬರುವುದಿಲ್ಲ.

ಹಾಗಾಗಿ ತಿರುಗಾಟದಿಂದ ನಾನು ತಂದುಕೊಂಡ ಸಾಮಾನು ಸ್ವಲ್ಪವೇ. ಸಹಾಯ ಮಾಡುವಾಗ ಜಾತಕ ಕೇಳದಿರುವುದನ್ನು ಟೋಕಿಯೊದಿಂದ. ಉತ್ತರ ಬೇಡದ ಪ್ರಶ್ನೆಯಲ್ಲೇ ನಿಲ್ಲಿಸುವುದನ್ನು ಲಂಡನ್ನಿನಿಂದ. ಜನ ಎದುರಾಗಲು ಜಾಗ ಬಿಡಬೇಕು ಎಂಬುದನ್ನು ಸಿಂಗಾಪುರದಿಂದ. ಉಚ್ಚಿಲದ "ಎಲ್ಲಿಗೆ ಹೊರಟದ್ದು?" ಮಾತ್ರ ಹಾಗೇ ಇರಲಿ. ಈಗ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಅಂಕಲ್‌ಗೆ ನಾನೇ ಅದನ್ನು ಕೇಳ್ತೇನೆ. ಅವರು ಬೀದರಿನವರು. ಮೊದಲ ವಾರ ವಿಚಿತ್ರವಾಗಿ ನೋಡಿದರು. ಈಗ ನಾನು ಮರೆತರೆ ಅವರೇ ಕೇಳ್ತಾರೆ.

ಮನೆಗೆ ಫೋನ್ ಮಾಡಿದಾಗ ನಾವು "ಊಟ ಆಯ್ತಾ, ಮಾತ್ರೆ ತಗೊಂಡ್ರಾ?" ಅಂತ ಹೇಗೂ ಕೇಳ್ತೇವೆ. ಇನ್ನೊಂದನ್ನೂ ಸೇರಿಸಿ ನೋಡಿ, "ಇವತ್ತು ಯಾರೆಲ್ಲ ಸಿಕ್ಕಿದ್ರು ಅಮ್ಮ?" ಸಿಕ್ಕಿದವರ ಪಟ್ಟಿ ಉದ್ದ ಇದ್ದರೆ ನೆಮ್ಮದಿಯಿಂದ ಮಲಗಬಹುದು. ಮೂರು ದಿನ ಸತತ "ಯಾರೂ ಇಲ್ಲ ಮಗಾ" ಎಂಬ ಉತ್ತರ ಬಂದರೆ, ಆಚೆ ಮನೆಗೆ ಒಂದು ಫೋನ್ ಮಾಡಿ.