ಎರಡು ದನಿಯನ್ನು ಒಂದೇ ಕಡ್ಡಿಗೆ ಕಟ್ಟಬೇಡಿ

ಪಾಶ್ಚಾತ್ಯ ಸಂಗೀತದ ನೊಟೇಶನ್ ಬರೆಯೋ ಸಾಫ್ಟ್‌ವೇರ್ ಜಗತ್ತಿನಲ್ಲಿ ಒಂದು ಮಹಾಮಂತ್ರ ಚಾಲ್ತಿಯಲ್ಲಿದೆ: ‘ಕಾಣೋಕೆ ಸರಿ ಇದ್ಯಲ್ಲ, ಬಿಡಿ.’ ಪ್ರಿಂಟ್ ತೆಗೆದಾಗ ಕಪ್ಪು ಚುಕ್ಕಿಗಳು ಅವುಗಳ ಜಾಗದಲ್ಲಿದ್ದರೆ ಸಾಕು, ಫೈಲಿನೊಳಗೆ ಏನು ಕಸ ತುಂಬಿದ್ದರೂ ಯಾರು ನೋಡ್ತಾರೆ ಅನ್ನೋ ಧೋರಣೆ. ಇದೇ ಮಾತನ್ನು ಆಫೀಸಿನಲ್ಲಿ ಕೋಡ್ ಬಗ್ಗೆ ಹೇಳಿ ನೋಡಿ, ರಿವ್ಯೂನಲ್ಲೇ ಅಟ್ಟಾಡಿಸ್ತಾರೆ. ಎಕ್ಸೆಲ್‌ನಲ್ಲಿ ಸೂತ್ರ ಹಾಕೋ ಬದಲು ಉತ್ತರವನ್ನೇ ಟೈಪ್ ಮಾಡಿಟ್ಟವನನ್ನು ನಾವು ಕ್ಷಮಿಸೋದಿಲ್ಲ. ಸಂಗೀತದ ಫೈಲಿಗೆ ಮಾತ್ರ ಯಾಕೆ ಈ ರಿಯಾಯಿತಿ?

ವಿಷಯ ಇಷ್ಟು. ಐದು ಗೆರೆಗಳ ಒಂದು ಸ್ಟಾಫ್‌ನಲ್ಲಿ ಒಬ್ಬರೇ ಇರಬೇಕು ಅಂತೇನಿಲ್ಲ. ನಾಲ್ಕು ದನಿಗಳ ಕೋರಸ್ ಹಾಡನ್ನು ಸಾಮಾನ್ಯವಾಗಿ ಎರಡು ಸ್ಟಾಫ್‌ಗಳಲ್ಲಿ ಬರೀತಾರೆ. ಮೇಲಿನದರಲ್ಲಿ ಸೊಪ್ರಾನೊ ಮತ್ತು ಆಲ್ಟೊ, ಕೆಳಗಿನದರಲ್ಲಿ ಟೆನರ್ ಮತ್ತು ಬಾಸ್. ಯಾವ ಸ್ವರ ಯಾರದ್ದು ಅಂತ ಹೇಳೋದು ಸ್ವರದ ಕಡ್ಡಿ. ಮೇಲ್ಮುಖವಾಗಿದ್ದರೆ ಸೊಪ್ರಾನೊ, ಕೆಳಮುಖವಾಗಿದ್ದರೆ ಆಲ್ಟೊ. ಒಂದೇ ಸೂರಿನಡಿ ಎರಡು ಸಂಸಾರ, ಆದರೆ ಅಡುಗೆ ಬೇರೆ ಬೇರೆ.

ಈಗ ಸೋಮಾರಿ ದಾರಿ ನೋಡಿ. ಎರಡೂ ಸ್ವರ ಒಟ್ಟಿಗೇ ಬರ್ತಾವಲ್ಲ ಅಂತ ಒಂದೇ ಕಡ್ಡಿಗೆ ಎರಡು ಚುಕ್ಕಿ ನೇತುಹಾಕಿ ಕಾರ್ಡ್ ಮಾಡಿಬಿಡೋದು. ಸೊಪ್ರಾನೊ ಎರಡು ಮಾತ್ರೆ ಎಳೆಯುವಾಗ ಆಲ್ಟೊ ಅದರಡಿಯಲ್ಲಿ ನಾಲ್ಕು ಸಣ್ಣ ಸ್ವರ ಓಡಿಸಿದರೆ? ಒಂದು ಕಡ್ಡಿಗೆ ಒಂದೇ ಅವಧಿ. ಅಲ್ಲಿಗೆ ಎಳೆಯುವ ಸ್ವರವನ್ನು ಚೂರು ಮಾಡಿ ಟೈ ಹಾಕಿ ತೇಪೆ ಹಚ್ಚಬೇಕು. ಇಬ್ಬರೂ ಒಂದೇ ಸ್ವರಕ್ಕೆ ಬಂದು ನಿಂತರೆ? ಒಂದು ಚುಕ್ಕಿಗೆ ಮೇಲೊಂದು ಕೆಳಗೊಂದು ಕಡ್ಡಿ ಇರಬೇಕಾಗಿದ್ದ ಕಡೆ ಕಾರ್ಡ್‌ನಲ್ಲಿ ಒಂದೇ ಕಡ್ಡಿ ಉಳಿಯುತ್ತೆ. ಇನ್ನೊಬ್ಬಳು ನಾಪತ್ತೆ. ಆಲ್ಟೊ ಬೇರೆ ಲಯದಲ್ಲಿ ಹಾಡುವಾಗ ಅವಳ ಸಾಹಿತ್ಯವನ್ನು ಯಾವುದಕ್ಕೆ ಅಂಟಿಸ್ತೀರಿ?

ಇದಕ್ಕಿಂತ ದೊಡ್ಡ ಮೋಸ ದನಿಗಳು ಒಂದನ್ನೊಂದು ದಾಟುವ ಜಾಗದಲ್ಲಿ. ಒಂದೆರಡು ಸ್ವರಗಳ ಮಟ್ಟಿಗೆ ಆಲ್ಟೊ ಸೊಪ್ರಾನೊಗಿಂತ ಮೇಲೆ ಹೋಗುತ್ತೆ. ಸಂಯೋಜಕ ಬೇಕೂಂತಲೇ ಹಾಗೆ ಬರೆದಿರ್ತಾನೆ. ಕಾರ್ಡ್ ಒಡೆದು ಹಂಚೋ ಸೌಲಭ್ಯಕ್ಕೆ ಅದು ಗೊತ್ತಾಗಲ್ಲ. ಮೇಲಿನ ಚುಕ್ಕಿ ಸೊಪ್ರಾನೊಗೆ, ಕೆಳಗಿನದು ಆಲ್ಟೊಗೆ ಅಂತ ಎತ್ತರ ನೋಡಿ ಪಾಲು ಮಾಡುತ್ತೆ. ಅಭ್ಯಾಸಕ್ಕೆ ಬಂದ ಆಲ್ಟೊ ಗಾಯಕಿಯ ಕೈಯಲ್ಲಿ ಇರೋದು ಅವಳ ಸಾಲೇ ಅಲ್ಲ! ತಪ್ಪು ಅವಳದ್ದು ಅಂತ ನಿರ್ದೇಶಕ ಮೂರು ಸಲ ನಿಲ್ಲಿಸಿ ಹಾಡಿಸ್ತಾನೆ. ನಿಜವಾದ ತಪ್ಪು ಮಾಡಿದವನು ಎರಡು ವಾರದ ಹಿಂದೆ, ಅವಸರದಲ್ಲಿ, ‘ಕಾಣೋಕೆ ಸರಿ ಇದ್ಯಲ್ಲ’ ಅಂದವನು.

ಮೌನದ ಚಿಹ್ನೆಯ ಕತೆಯೂ ಇದೇ. ಎರಡನೇ ವಾಯ್ಸ್ ತೆರೆದ ಕೂಡಲೇ ಸಾಫ್ಟ್‌ವೇರ್ ಖಾಲಿ ಜಾಗಕ್ಕೆಲ್ಲ ರೆಸ್ಟ್ ತುಂಬುತ್ತೆ. ‘ಗಲೀಜಾಗಿದೆ’ ಅಂತ ನಮ್ಮವರು ಸಾಲಾಗಿ ಮರೆಮಾಡ್ತಾರೆ. ಪಿಯಾನೊ ಸಂಗೀತದಲ್ಲಿ ಒಂದು ಎಳೆ ಎರಡು ಸ್ವರಕ್ಕೆ ಬಂದು ಮಾಯವಾದರೆ ಮರೆಮಾಡಿ, ತಕರಾರಿಲ್ಲ. ಆದರೆ ಹಾಡುವವರ ವಿಷಯದಲ್ಲಿ ಮೌನಕ್ಕೂ ಒಬ್ಬ ಒಡೆಯ ಇರ್ತಾನೆ. ರೆಸ್ಟ್ ಮಧ್ಯದಲ್ಲಿ ಒಂದೇ ಇದ್ದರೆ ಇಬ್ಬರೂ ಸುಮ್ಮನಿರಿ ಅಂತ ಅರ್ಥ, ಕೆಳಗೆ ಸರಿದಿದ್ದರೆ ಆಲ್ಟೊ ಮಾತ್ರ. ಅದನ್ನೇ ಅಳಿಸಿದರೆ ತಾನು ಸುಮ್ಮನಿರಬೇಕೋ, ಸೊಪ್ರಾನೊ ಜೊತೆ ಸೇರಬೇಕೋ ಅವಳಿಗೆ ಹೇಗೆ ತಿಳಿಯಬೇಕು?

‘ಅಷ್ಟೆಲ್ಲ ತಾಪತ್ರಯ ಯಾಕೆ, ತಲೆಗೊಂದು ಸ್ಟಾಫ್ ಕೊಟ್ಬಿಡಿ’ ಅನ್ನೋರಿದ್ದಾರೆ. ಕೊಡಬಹುದು. ಪುಟ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತೆ, ಜೊತೆಗೆ ನುಡಿಸೋ ಪಿಯಾನೊದವರು ಎರಡು ಕೈಗೆ ನಾಲ್ಕು ಸಾಲು ಓದಬೇಕಾಗುತ್ತೆ. ಪಿಯಾನೊ ಸಂಗೀತಕ್ಕಂತೂ ಈ ಪರಿಹಾರ ನಡೆಯೋದೇ ಇಲ್ಲ. ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ದುಡ್ಡು ಕೊಟ್ಟು ರೆಕಾರ್ಡ್ ಮಾಡಿಸಿದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಪುಟ ತೆಗೆದು ನೋಡಿ. ಒಂದೇ ಕೈಯೊಳಗೆ ಎರಡು ಮೂರು ಎಳೆ ತಮ್ಮ ಪಾಡಿಗೆ ತಾವು ಹೋಗ್ತಿರ್ತಾವೆ. ಬಿಡಿಸಿ ನಾಲ್ಕು ಸಾಲಿನಲ್ಲಿ ಹರಡಿದರೆ ಕೈಗೆ ಅದು ಓದೋಕಾಗದ ನಕ್ಷೆ. ಒಂದೇ ಸ್ಟಾಫ್ ಹಂಚಿಕೊಳ್ಳೋದು ಜಿಪುಣತನ ಅಲ್ಲ, ಅದೂ ಒಂದು ಅರ್ಥ.

ಇನ್ನು ಸಾಫ್ಟ್‌ವೇರ್ ಮಾಡೋರ ಸರದಿ. ಮ್ಯೂಸ್‌ಸ್ಕೋರ್ ಆಗಲಿ ಸಿಬೇಲಿಯಸ್ ಆಗಲಿ, ಒಂದು ಸ್ಟಾಫ್‌ಗೆ ನಾಲ್ಕೇ ವಾಯ್ಸ್. ಒಂದನೆಯದು ನೀಲಿ, ಎರಡನೆಯದು ಹಸಿರು, ಹೀಗೆ. ನಾಲ್ಕು ಕಡಿಮೆ ಅನ್ನೋದು ನನ್ನ ಮುಖ್ಯ ದೂರಲ್ಲ. ಬಾಖ್ 1747ರ ‘ಮ್ಯೂಸಿಕಲ್ ಆಫರಿಂಗ್’ಗೆ ಬರೆದ ಆರು ದನಿಗಳ ರಿಚೆರ್ಕಾರ್ ಅವನ ಕೈಬರಹದಲ್ಲಿ ಎರಡೇ ಸ್ಟಾಫ್‌ನಲ್ಲಿದೆ. ಲೆಕ್ಕದ ಪ್ರಕಾರ ಮೂರು-ಮೂರು, ಹಿಡಿಸುತ್ತೆ. ದೂರು ಏನಂದ್ರೆ, ಇಲ್ಲಿ ವಾಯ್ಸ್ ಅನ್ನೋದು ದನಿಯೇ ಅಲ್ಲ, ಪಾರ್ಕಿಂಗ್ ಜಾಗದ ನಂಬರ್. ಮಧ್ಯದ ಒಂದು ದನಿ ಕೆಳಗಿನ ಸ್ಟಾಫ್‌ನಿಂದ ಮೇಲಕ್ಕೆ ಹತ್ತಿದರೆ ಅಲ್ಲಿನ ನಂಬರ್ ಬೇರೆ. ಸ್ವರವನ್ನು ಪಕ್ಕದ ಸ್ಟಾಫ್‌ನಲ್ಲಿ ತೋರಿಸೋ ಸೌಲಭ್ಯ ಇದೆ, ಆದರೆ ಅದು ತೋರಿಕೆಯ ಉಪಾಯ. ‘ಇದು ಮೂರನೇ ದನಿ, ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಒಬ್ಬನೇ’ ಅಂತ ಫೈಲಿಗೆ ಹೇಳೋ ನೇರ ದಾರಿ ಅಲ್ಲಿಲ್ಲ.

ಬೇರೆ ದಾರಿ ಸಾಧ್ಯವೇ ಇಲ್ಲ ಅಂತಲ್ಲ. 1996ರಲ್ಲಿ ಶುರುವಾದ ಉಚಿತ ಲಿಲಿಪಾಂಡ್‌ನಲ್ಲಿ ವಾಯ್ಸ್‌ಗೆ ಹೆಸರಿಡಬಹುದು, ನಾಲ್ಕರ ಮಿತಿಯಿಲ್ಲ. ಎರಡು ಭಾಗ ಬೇರೆ ಬೇರೆ ಬರೆದು ಒಂದೇ ಸ್ಟಾಫ್‌ಗೆ ಸೇರಿಸು ಅಂತಲೂ ಹೇಳಬಹುದು. 2016ರಲ್ಲಿ ಬಂದ ಡೊರಿಕೊ ಕೂಡ ಮಿತಿ ಕಿತ್ತುಹಾಕಿತು. 2019ರ ಮೂರನೇ ಆವೃತ್ತಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು: ಮೊದಲ ಕೊಳಲು, ಎರಡನೇ ಕೊಳಲು ಅಂತ ಒಬ್ಬೊಬ್ಬರಿಗೂ ಪ್ರತ್ಯೇಕ ಬರೀರಿ, ನಿರ್ದೇಶಕನ ಪುಟದಲ್ಲಿ ಒಂದೇ ಸ್ಟಾಫ್‌ಗೆ ಇಳಿಸೋ ಕೆಲಸ ನಮ್ಮದು ಅಂದಿತು. ಸರಿಯಾದ ಕ್ರಮ ಇದು. ಬರೆಯೋದು ಬೇರೆ ಬೇರೆ, ತೋರಿಸೋದು ಒಟ್ಟಿಗೆ. ಡೇಟಾ ಬೇರೆ, ವ್ಯೂ ಬೇರೆ ಅನ್ನೋ ಪಾಠ ನಿಮಗೆ ನಾನು ಹೇಳಬೇಕಾ?

ಇದೆಲ್ಲ ಮಡಿವಂತಿಕೆ ಅನ್ನಿಸಿದರೆ ಫಿನಾಲೆಯ ಗತಿ ನೆನಪಿಸಿಕೊಳ್ಳಿ. ಮೂವತ್ತೈದು ವರ್ಷ ನಡೆದ ಆ ಸಾಫ್ಟ್‌ವೇರನ್ನು ಇನ್ನು ಮುಂದುವರಿಸಲ್ಲ ಅಂತ 2024ರ ಆಗಸ್ಟ್‌ನಲ್ಲಿ ಕಂಪನಿ ಘೋಷಿಸಿತು. ಅದನ್ನು ನಂಬಿದ್ದವರು ಫೈಲುಗಳನ್ನು ಮ್ಯೂಸಿಕ್‌ಎಕ್ಸ್‌ಎಂಎಲ್‌ಗೆ ಇಳಿಸಿ ಬೇರೆ ಮನೆ ಹುಡುಕಬೇಕಾಯ್ತು. ಆ ಫಾರ್ಮ್ಯಾಟ್‌ನಲ್ಲಿ ಪ್ರತಿ ಸ್ವರದ ಜೊತೆ ಅದು ಯಾವ ವಾಯ್ಸ್‌ಗೆ ಸೇರಿದ್ದು ಅಂತ ಬರೆಯೋಕೆ ಜಾಗ ಇದೆ. ದನಿಗಳನ್ನು ಪ್ರಾಮಾಣಿಕವಾಗಿ ಬೇರೆ ಇಟ್ಟಿದ್ದರೆ ಆ ಗುರುತು ಜೊತೆಗೆ ಬರುತ್ತೆ. ಕಾರ್ಡ್‌ನೊಳಗೆ ಕಲಸಿಟ್ಟಿದ್ದರೆ ಯಾವ ಫಾರ್ಮ್ಯಾಟೂ ಬೇರ್ಪಡಿಸಿ ಕೊಡಲ್ಲ. ಇಲ್ಲದ ಮಾಹಿತಿಯನ್ನು ರಫ್ತು ಮಾಡೋಕಾಗಲ್ಲ.

ಆದ್ದರಿಂದ ಮುಂದಿನ ಸಲ ಯಾರಾದ್ರೂ ಸ್ಕೋರ್ ಕಳಿಸಿ ‘ನೀಟಾಗಿದೆ ಅಲ್ವಾ’ ಅಂದರೆ ಪಿಡಿಎಫ್ ನೋಡಿ ತಲೆಯಾಡಿಸಬೇಡಿ. ಫೈಲ್ ಕೇಳಿ. ಆಲ್ಟೊ ಒಂದನ್ನೇ ಬೇರೆ ಪುಟಕ್ಕೆ ತೆಗೆಯೋಕೆ ಬರುತ್ತಾ, ಅದೊಂದನ್ನೇ ಕೇಳೋಕೆ ಬರುತ್ತಾ, ಇನ್ನೊಂದು ಸಾಫ್ಟ್‌ವೇರ್‌ಗೆ ಹೋದ ಮೇಲೂ ಅವಳು ಅವಳಾಗೇ ಉಳೀತಾಳಾ, ನೋಡಿ. ಮೂರರಲ್ಲಿ ಒಂದಕ್ಕೆ ‘ಇಲ್ಲ’ ಅಂತ ಉತ್ತರ ಬಂದರೂ ವಾಪಸ್ ಕಳಿಸಿ. ಬರೆಯುವವನಿಗೆ ಉಳಿಯೋದು ಅರ್ಧ ಗಂಟೆ. ಅದರ ಬೆಲೆ ಕಟ್ಟೋದು ಮಾತ್ರ ಎರಡನೇ ದನಿಯಲ್ಲಿ ಹಾಡೋರು.