ಸೌಲಭ್ಯವಿಲ್ಲ ಎನ್ನುವವರು ಬರೆದುಕೊಡಲಿ

ಒಂದನೇ ತರಗತಿ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕು ಎಂಬ ನಿಯಮದ ಸುತ್ತ 2025ರಲ್ಲಿ ಎಷ್ಟೊಂದು ಗದ್ದಲವಾಯಿತು! ಕೆಲವೇ ದಿನ ಕಡಿಮೆ ಬಿದ್ದ ಮಕ್ಕಳ ತಂದೆತಾಯಂದಿರು ಪಟ್ಟು ಬಿಡಲಿಲ್ಲ. ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ, ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾದರೆ ಸಾಕು ಎಂದರು. ಒಳ್ಳೆಯದೇ. ಆದರೆ ವಯಸ್ಸೂ ತುಂಬಿ, ದಾಖಲೆಗಳೂ ಸರಿಯಿದ್ದು, ಅಪ್ಪ ಅಮ್ಮ ಶುಲ್ಕ ಕಟ್ಟಲು ತಯಾರಿದ್ದರೂ ಶಾಲೆಯ ಗೇಟಿನಿಂದ ವಾಪಸಾಗುವ ಮಕ್ಕಳು ಮೈಸೂರಿನಲ್ಲಿದ್ದಾರೆ. ಕೆಲವರಿಗೆ ಆಟಿಸಂ, ಕೆಲವರಿಗೆ ಕಲಿಕಾ ನ್ಯೂನತೆ, ಇನ್ನು ಕೆಲವರ ಕಿವಿಗೆ ಶ್ರವಣಸಾಧನ. ಇವರಿಗಾಗಿ ಯಾವ ಸರ್ಕಾರವೂ ಇಷ್ಟು ಅವಸರ ಪಟ್ಟದ್ದು ನನಗೆ ನೆನಪಿಲ್ಲ.

‘ಸೇರಿಸಿಕೊಳ್ಳುವುದಿಲ್ಲ’ ಎಂದು ಯಾರೂ ನೇರವಾಗಿ ಹೇಳುವುದಿಲ್ಲ. ‘ಇಂಟರ್ಯಾಕ್ಷನ್’ ಎಂಬ ಹೆಸರಿನ ಸಂದರ್ಶನದ ಮೊದಲ ಐದು ನಿಮಿಷ ಎಲ್ಲವೂ ಸಲೀಸು. ಮಗು ಕಣ್ಣು ಕೊಟ್ಟು ಮಾತನಾಡಲಿಲ್ಲವೋ, ಮೇಜಿನ ಮೇಲಿನ ಅಸೆಸ್‌ಮೆಂಟ್ ರಿಪೋರ್ಟ್ ಕಣ್ಣಿಗೆ ಬಿತ್ತೋ, ದನಿ ಬದಲಾಗುತ್ತದೆ. ‘ನಮ್ಮಲ್ಲಿ ಸ್ಪೆಷಲ್ ಎಜುಕೇಟರ್ ಇಲ್ಲ ಮೇಡಂ.’ ‘ನಿಮ್ಮ ಮಗುವಿನ ಒಳ್ಳೇದಕ್ಕೇ ಹೇಳ್ತಿದೀವಿ.’ ಸ್ವಲ್ಪ ಉದಾರಿಗಳಾದರೆ, ‘ಶ್ಯಾಡೋ ಟೀಚರನ್ನ ನೀವೇ ಕರ್ಕೊಂಡು ಬನ್ನಿ, ಸಂಬಳಾನೂ ನೀವೇ ನೋಡ್ಕೊಳ್ಳಿ.’ ಇಷ್ಟೂ ಬಾಯಿಮಾತು. ಕಾಗದದ ಮೇಲೆ ಇಳಿಸಿದರೆ ಸಿಕ್ಕಿಬೀಳುತ್ತೇವೆ ಎಂಬುದು ಅವರಿಗೆ ಗೊತ್ತು.

ಗೊತ್ತಿರಲೇಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರವೇಶದ ವೇಳೆ ಮಗುವನ್ನಾಗಲಿ ಪೋಷಕರನ್ನಾಗಲಿ ಜರಡಿ ಹಿಡಿಯುವುದನ್ನು ನಿಷೇಧಿಸಿದೆ. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ತಪ್ಪಿಗೂ 50,000 ರೂಪಾಯಿವರೆಗೆ ದಂಡ. ಸರ್ಕಾರದಿಂದ ಮಾನ್ಯತೆ ಪಡೆದ ಶಾಲೆಗಳು ಅಂಗವಿಕಲ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳುವಂತೆ ನೋಡಿಕೊಳ್ಳುವ ಹೊಣೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರದ ಹೆಗಲಿಗೇ ಹಾಕಿದೆ. ಬೆನ್ನಿಗೆ ಇಷ್ಟು ಕಾನೂನಿರುವ ತಾಯಿಯೊಬ್ಬಳು ಪ್ರಿನ್ಸಿಪಾಲರ ಕೋಣೆಯಲ್ಲಿ ಸೀಟಿಗಾಗಿ ಅಂಗಲಾಚಬೇಕೇ?

ಅದೂ ಮೈಸೂರಿನಲ್ಲಿ! ಎಂ. ಶ್ರೀನಿವಾಸರಾಯರು ಇಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗೆ ಶಾಲೆ ತೆರೆದದ್ದು 1901ರಲ್ಲಿ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯ ಮಗ್ಗುಲಲ್ಲೇ ಇದೆ. ಮಗುವಿಗೆ ನಾಲ್ಕು ಮಾತು ಬರಲೆಂದು ದೂರದ ರಾಜ್ಯಗಳಿಂದ ಬಂದು, ಇಲ್ಲೇ ಬಾಡಿಗೆ ಮನೆ ಹಿಡಿದು, ಅಲ್ಲಿನ ಪ್ರಿಸ್ಕೂಲಿನಲ್ಲಿ ಮಕ್ಕಳ ಪಕ್ಕದಲ್ಲೇ ಕುಳಿತು ತಾವೂ ಕಲಿಯುವ ತಾಯಂದಿರಿದ್ದಾರೆ. ಅದೇ ಸಂಸ್ಥೆ ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಕೂಡ ಕಲಿಸುತ್ತದೆ. ವಿಶೇಷ ಶಿಕ್ಷಕರನ್ನು ತಯಾರಿಸುವ ಊರಿನಲ್ಲೇ ನಿಂತು ‘ಶಿಕ್ಷಕರು ಸಿಗುವುದಿಲ್ಲ’ ಎನ್ನುವ ಶಾಲೆಗಳು, ಸ್ಮಾರ್ಟ್ ಬೋರ್ಡ್‌ಗೂ ಬಸ್ಸುಗಳಿಗೂ ದುಡ್ಡು ಹೊಂದಿಸಿದ್ದು ಹೇಗೆ?

ಶಾಲೆಗಳನ್ನಷ್ಟೇ ಬೈದರೆ ಸರ್ಕಾರ ಸುಲಭವಾಗಿ ಪಾರಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಅವಕಾಶವಂಚಿತ ಗುಂಪಿನ ಪಟ್ಟಿಗೆ ಅಂಗವಿಕಲ ಮಕ್ಕಳು ಸೇರಿದ್ದು 2012ರ ತಿದ್ದುಪಡಿಯಲ್ಲಿ. ಅದರಿಂದ ಖಾಸಗಿ ಶಾಲೆಗಳ ಶೇ 25ರಷ್ಟು ಉಚಿತ ಸೀಟಿನಲ್ಲಿ ಅವರಿಗೂ ಪಾಲು ಸಿಕ್ಕಿತು. 2019ರಲ್ಲಿ ಕರ್ನಾಟಕ ತನ್ನ ನಿಯಮ ಬದಲಿಸಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ಹೊಣೆ ಇಲ್ಲ ಎಂದಿತು. ಹೈಕೋರ್ಟೂ ಎತ್ತಿಹಿಡಿಯಿತು. ಸರ್ಕಾರಿ ಶಾಲೆಗಳು ಉಳಿಯಬೇಕೆಂಬ ವಾದ ನನಗೂ ಒಪ್ಪಿಗೆಯೇ. ಆದರೆ ಆ ಸರ್ಕಾರಿ ಶಾಲೆಯಲ್ಲಿ ಈ ಮಗುವಿಗೆ ಕಲಿಸುವವರು ಯಾರು? ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬ ವಿಶೇಷ ಶಿಕ್ಷಕರು ಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2021ರ ಅಕ್ಟೋಬರ್‌ನಲ್ಲಿ. ಹುದ್ದೆಗಳನ್ನು ಗುರುತಿಸಿ ಪ್ರಕಟಿಸಿ ಎಂದು ರಾಜ್ಯಗಳನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಎಚ್ಚರಿಸಬೇಕಾಯಿತು. ನಮ್ಮಲ್ಲಿರುವುದು ಬಿಐಇಆರ್‌ಟಿಗಳು, ಅಂದರೆ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು. ಊರೆಲ್ಲ ಸುತ್ತುವ ಅವರು ಒಂದು ತರಗತಿಯಲ್ಲಿ ದಿನಾ ನಿಂತು ಕಲಿಸುವುದು ಎಂತು?

ಶಾಲೆಗಳ ಕಷ್ಟವೂ ಇದೆ, ಇಲ್ಲ ಎನ್ನಲಾರೆ. ಉದಯಗಿರಿಯ ಗಲ್ಲಿಯಲ್ಲಿ ಕಡಿಮೆ ಶುಲ್ಕಕ್ಕೆ ನಡೆಯುವ ಪುಟ್ಟ ಶಾಲೆ ಇನ್ನೊಬ್ಬ ಶಿಕ್ಷಕರ ಸಂಬಳ ತರುವುದೆಲ್ಲಿಂದ? ಅಂಥ ನಾಲ್ಕೈದು ಶಾಲೆಗೆ ಸೇರಿಸಿ ಇಲಾಖೆಯೇ ಒಬ್ಬರನ್ನು ಕೊಡಲಿ. ಆದರೆ ‘ಬೇರೆ ಪೇರೆಂಟ್ಸ್ ಒಪ್ಪಲ್ಲ’ ಎಂಬ ನೆಪಕ್ಕೆ ನನ್ನಲ್ಲಿ ಯಾವ ಸಹನೆಯೂ ಇಲ್ಲ. ಪಕ್ಕದ ಬೆಂಚಿನಲ್ಲಿ ಯಾರು ಕೂರಬೇಕೆಂದು ತೀರ್ಮಾನಿಸಲು ಬೇರೆ ಪೋಷಕರು ಶುಲ್ಕ ಕಟ್ಟಿಲ್ಲ.

ಮಾನ್ಯತೆ ನವೀಕರಣಕ್ಕೆ ಬಂದ ಶಾಲೆಯಿಂದ ಇಲಾಖೆ ಅಗ್ನಿ ಸುರಕ್ಷತೆಯ ಪ್ರಮಾಣಪತ್ರ ಕೇಳುತ್ತದೆ. ವಿಶೇಷ ಶಿಕ್ಷಕರು ಯಾರು, ಕಳೆದ ವರ್ಷ ಇಂಥ ಎಷ್ಟು ಮಕ್ಕಳು ಅರ್ಜಿ ಹಾಕಿದ್ದರು, ಎಷ್ಟು ಮಂದಿಗೆ ಸೀಟು ಸಿಕ್ಕಿತು ಎಂಬುದನ್ನೂ ಅಷ್ಟೇ ಬಿಗಿಯಾಗಿ ಕೇಳಲಿ. ಜೊತೆಗೆ ಮೈಸೂರಿನ ಡಿಡಿಪಿಐ ಕಚೇರಿ ಒಂದು ಸುತ್ತೋಲೆ ಹೊರಡಿಸಲಿ: ಯಾವ ಮಗುವನ್ನು ನಿರಾಕರಿಸಿದರೂ ಕಾರಣವನ್ನು ಲಿಖಿತವಾಗಿ, ಸಹಿ ಮತ್ತು ಮೊಹರಿನೊಂದಿಗೆ ಪೋಷಕರಿಗೆ ಕೊಡಬೇಕು, ಅದರ ಒಂದು ಪ್ರತಿ ಬಿಇಒಗೆ ಹೋಗಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಬಜೆಟ್ಟೂ ಬೇಡ. ದಸರಾ ಮುಗಿದು ಖಾಸಗಿ ಶಾಲೆಗಳು ಅರ್ಜಿ ಫಾರಂ ಹಂಚಲು ಶುರುಮಾಡುವ ಮೊದಲು ಈ ಸುತ್ತೋಲೆ ಹೊರಬೀಳದಿದ್ದರೆ, ಇನ್ನೊಂದು ವರ್ಷದ ನಿರಾಕರಣೆಗೆ ಇಲಾಖೆಯೂ ಪಾಲುದಾರ ಎಂದೇ ಲೆಕ್ಕ.