ಭೇದಿ ನಿಂತ ಮರುದಿನ ಮಾತ್ರೆ ಬಂದ್

ನಾಯಿಗಳ ಕರುಳಿನ ದೀರ್ಘಕಾಲದ ಉರಿಯೂತವನ್ನು ಪಶುವೈದ್ಯರು ಐಬಿಡಿ ಎನ್ನುತ್ತಾರೆ. ಅದಕ್ಕೆ ಹೆಚ್ಚಾಗಿ ಬರೆದುಕೊಡುವ ಔಷಧಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಶುರು ಮಾಡುವಾಗ ಮನೆಮಂದಿಯೆಲ್ಲ ಹೆದರುತ್ತಾರೆ, ಸ್ಟೀರಾಯ್ಡ್ ಎಂಬ ಹೆಸರೇ ಸಾಕು. ನಿಲ್ಲಿಸುವಾಗ ಯಾರಿಗೂ ಹೆದರಿಕೆಯಿಲ್ಲ. ಮಲ ಗಟ್ಟಿಯಾದ ಮರುದಿನವೇ ಮಾತ್ರೆ ಬಂದ್. ನಾಯಿಯ ಜೀವಕ್ಕೆ ಕುತ್ತು ಬರಬಹುದಾದದ್ದು ಇಲ್ಲಿಯೇ.

ಮೂರು ವಾರ ಮೀರಿದ ಭೇದಿ, ಮರುಕಳಿಸುವ ವಾಂತಿ, ತಿಂದರೂ ಇಳಿಯುವ ತೂಕ ಇವು ಕಾಯಿಲೆಯ ಲಕ್ಷಣಗಳು. ಕೊಕ್ಕೆಹುಳು, ಗಿಯಾರ್ಡಿಯಾ ಸೇರಿಕೊಂಡರೂ ಇದೇ ಲಕ್ಷಣ. ಮೇದೋಜೀರಕ ಗ್ರಂಥಿ ಸೋತರೂ, ಅಡ್ರಿನಲ್ ಗ್ರಂಥಿ ಸೊರಗುವ ಅಡಿಸನ್ ಕಾಯಿಲೆಯಾದರೂ, ಕರುಳಿನಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಇದ್ದರೂ ಇದೇ. ಹಾಗಾಗಿ ಮಲಪರೀಕ್ಷೆ, ರಕ್ತಪರೀಕ್ಷೆ ಮೊದಲು. ಅಗತ್ಯ ಬಿದ್ದರೆ ಎಂಡೋಸ್ಕೋಪಿ ಮಾಡಿ ಕರುಳಿನ ತುಣುಕು ತೆಗೆದು ಬಯಾಪ್ಸಿ. ‘ಸದ್ಯಕ್ಕೆ ಇರಲಿ’ ಎಂದು ಮುಂಚೆಯೇ ಚುಚ್ಚಿಸುವ ಸ್ಟೀರಾಯ್ಡ್ ಇಂಜೆಕ್ಷನ್ ಲಿಂಫೋಮಾದ ಗುರುತನ್ನು ಮರೆಮಾಡಬಲ್ಲದು, ಅಡಿಸನ್ ಪರೀಕ್ಷೆಯ ಫಲಿತಾಂಶವನ್ನೂ ಕೆಡಿಸಬಲ್ಲದು. ಬೇರೆ ಕಾರಣಗಳಿಲ್ಲ ಎಂದು ಖಚಿತವಾದ ಮೇಲೂ ಮೊದಲ ಚಿಕಿತ್ಸೆ ಆಹಾರವೇ. ಪ್ರೊಟೀನನ್ನು ಸಣ್ಣದಾಗಿ ಒಡೆದು ತಯಾರಿಸಿದ ಹೈಡ್ರೊಲೈಸ್ಡ್ ಆಹಾರವನ್ನೋ ಆ ನಾಯಿ ಹಿಂದೆಂದೂ ತಿನ್ನದ ಪ್ರೊಟೀನನ್ನೋ ಮಾತ್ರ ಕೊಟ್ಟರೆ ಸುಮಾರು ಅರ್ಧದಷ್ಟು ನಾಯಿಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಎರಡು ವಾರದೊಳಗೆ ಸುಧಾರಿಸುತ್ತವೆ. ರಕ್ತದಲ್ಲಿ ಅಲ್ಬುಮಿನ್ ತೀರ ಇಳಿದಿರುವ ನಾಯಿಗೆ ಅಷ್ಟು ಕಾಯುವ ವ್ಯವಧಾನ ಇರುವುದಿಲ್ಲ. ಉಳಿದವುಗಳಲ್ಲಿ ಸ್ಟೀರಾಯ್ಡಿನ ಸರದಿ ಆಮೇಲಿನದು.

ಪ್ರೆಡ್ನಿಸೊಲೋನನ್ನು ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 2 ಮಿಲಿಗ್ರಾಂ ಲೆಕ್ಕದಲ್ಲಿ ಆರಂಭಿಸುತ್ತಾರೆ. ದೊಡ್ಡ ತಳಿಗಳಿಗೆ ಈ ಲೆಕ್ಕವನ್ನು ವೈದ್ಯರು ತಗ್ಗಿಸುತ್ತಾರೆ. ಕೊಡುವುದು ಊಟದ ಜೊತೆಗೆ. ನಾಯಿ ಬಟ್ಟಲುಗಟ್ಟಲೆ ನೀರು ಕುಡಿಯುತ್ತದೆ, ರಾತ್ರಿ ಮೂತ್ರಕ್ಕೆ ಏಳುತ್ತದೆ, ಏದುಸಿರು ಬಿಡುತ್ತದೆ, ಅಡುಗೆಮನೆಯ ಬಾಗಿಲು ಬಿಟ್ಟು ಕದಲುವುದಿಲ್ಲ. ಇಷ್ಟೆಲ್ಲ ನಿರೀಕ್ಷಿತವೇ. ಮನೆಯೊಳಗೆ ಮೂತ್ರ ಮಾಡುತ್ತದೆಂದು ನೀರಿನ ಬಟ್ಟಲನ್ನು ಎತ್ತಿಡುವುದು ಕ್ರೌರ್ಯ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿರುವಷ್ಟು ಕಾಲ ಅಡ್ರಿನಲ್ ಗ್ರಂಥಿ ತಾನು ಕಾರ್ಟಿಸೋಲ್ ತಯಾರಿಸುವುದನ್ನು ತಗ್ಗಿಸಿರುತ್ತದೆ. ಮಾತ್ರೆ ಒಮ್ಮೆಲೇ ನಿಂತರೆ ಅದಕ್ಕೆ ಎಚ್ಚೆತ್ತುಕೊಳ್ಳಲು ಸಮಯ ಸಿಗದು. ನಾಯಿ ನಿತ್ರಾಣವಾಗುತ್ತದೆ, ವಾಂತಿ ಮಾಡುತ್ತದೆ, ಕುಸಿದು ಬೀಳಲೂಬಹುದು. ಮನೆಯವರು ಅದನ್ನು ಹಳೆಯ ಕಾಯಿಲೆಯೇ ಮರಳಿತೆಂದು ತಿಳಿಯುತ್ತಾರೆ. ಆದ್ದರಿಂದಲೇ ಡೋಸನ್ನು ವಾರಗಟ್ಟಲೆ, ಹಲವು ನಾಯಿಗಳಲ್ಲಿ ತಿಂಗಳುಗಟ್ಟಲೆ, ಹಂತಹಂತವಾಗಿ ಇಳಿಸುವುದು. ಒಂದು ಹೊತ್ತು ಮರೆತರೆ ನೆನಪಾದಾಗ ಕೊಡಬಹುದು. ಮುಂದಿನ ಹೊತ್ತಿಗೆ ಎರಡನ್ನೂ ಸೇರಿಸಿ ಕೊಡಕೂಡದು. ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಇನ್ನೊಂದು ತುರುಕುವ ಮೊದಲು ವೈದ್ಯರಿಗೆ ಫೋನು ಮಾಡಬೇಕು.

ಎರಡನೆಯ ಕುತ್ತು ನೋವಿನ ಮಾತ್ರೆಯದು. ವಯಸ್ಸಾದ ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲಿನ ನೋವೂ ಕರುಳಿನ ಕಾಯಿಲೆಯೂ ಒಟ್ಟಿಗೆ ಇರುವುದು ಅಪರೂಪವಲ್ಲ. ಹೊಟ್ಟೆಗೆ ಒಬ್ಬ ವೈದ್ಯರು, ಕಾಲಿಗೆ ಮತ್ತೊಬ್ಬರು; ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸುವ ಪದ್ಧತಿಯಿಲ್ಲ. ಸ್ಟೀರಾಯ್ಡಿನ ಮೇಲೆ ಮೆಲಾಕ್ಸಿಕ್ಯಾಮ್ ಅಥವಾ ಕಾರ್ಪ್ರೊಫೆನ್ ಬಿದ್ದರೆ ಹೊಟ್ಟೆ, ಕರುಳುಗಳಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ತೂತೂ ಬೀಳಬಹುದು. ಮನುಷ್ಯರ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳಂತೂ ಸ್ಟೀರಾಯ್ಡ್ ಇಲ್ಲದೆಯೇ ನಾಯಿಗೆ ಅಪಾಯಕಾರಿ.

ಮನುಷ್ಯರ ಇಂಥ ಮಾತ್ರೆಗಳು ನಾಯಿಯ ಬಾಯಿಗೆ ಬರುವ ದಾರಿ ಮೆಡಿಕಲ್ ಶಾಪು. ಭೇದಿ ಎಂದೊಡನೆ ಮೆಟ್ರೊನಿಡಝೋಲ್, ಇಲ್ಲವೇ ನಾರ್‌ಫ್ಲಾಕ್ಸಸಿನ್ ಮತ್ತು ಟಿನಿಡಝೋಲ್ ಬೆರೆತ ಮಾತ್ರೆ. ಚೀಟಿಯಿಲ್ಲದೆ ಮಾರಬಾರದ ಔಷಧಿಗಳಿವು. ಮಾರಾಟ ಮಾತ್ರ ನಿರಾತಂಕ. ಮೂರು ಕಿಲೋ ಪೊಮೆರೇನಿಯನ್‌ಗೂ ನಲವತ್ತು ಕಿಲೋ ರಾಟ್‌ವೀಲರ್‌ಗೂ ‘ಅರ್ಧ ಮಾತ್ರೆ ಕೊಡಿ’ ಎಂಬ ಒಂದೇ ಸಲಹೆ. ಮೆಟ್ರೊನಿಡಝೋಲ್ ಮಿತಿ ಮೀರಿದರೆ ಮೆದುಳಿನ ಮೇಲೆ ಪರಿಣಾಮವಾಗಿ ನಾಯಿ ತೂರಾಡುತ್ತದೆ, ಕಣ್ಣುಗುಡ್ಡೆ ಅದುರುತ್ತದೆ, ಕುತ್ತಿಗೆ ಓರೆಯಾಗುತ್ತದೆ. ಸರಿಯಾದ ಪ್ರಮಾಣದಲ್ಲೂ ಅದು ಕರುಳಿನ ಉಪಯುಕ್ತ ಬ್ಯಾಕ್ಟೀರಿಯಾಗಳನ್ನು ವಾರಗಟ್ಟಲೆ ಹಾಳುಗೆಡವುತ್ತದೆ. ಹೀಗಾಗಿ ದೀರ್ಘಕಾಲದ ಭೇದಿಗೆ ಆಂಟಿಬಯಾಟಿಕ್ ಕೊಡುವ ಹಳೆಯ ರೂಢಿಯಿಂದ ಪಶುವೈದ್ಯರು ಈಚೆಗೆ ಹಿಂದೆ ಸರಿದಿದ್ದಾರೆ. ಆದರೆ ಬಾಕ್ಸರ್ ತಳಿಯಲ್ಲಿ ಬರುವ ಒಂದು ಬಗೆಯ ದೊಡ್ಡಕರುಳಿನ ಉರಿಯೂತಕ್ಕೆ ಇ. ಕೋಲಿ ಬ್ಯಾಕ್ಟೀರಿಯಾ ಕಾರಣ. ಅದಕ್ಕೆ ಎನ್ರೊಫ್ಲಾಕ್ಸಸಿನ್ ನಿಜಕ್ಕೂ ಕೆಲಸ ಮಾಡುತ್ತದೆ. ನಾರ್‌ಫ್ಲಾಕ್ಸಸಿನ್ ಅದೇ ಗುಂಪಿನ ಔಷಧಿ. ಕೌಂಟರಿನಲ್ಲಿ ಸಿಕ್ಕ ಎರಡು ದಿನದ ಮಾತ್ರೆಗೆ ಬ್ಯಾಕ್ಟೀರಿಯಾ ಒಗ್ಗಿಕೊಂಡರೆ ಆ ನಾಯಿಗೆ ಇದ್ದ ಒಂದೇ ಒಳ್ಳೆಯ ಔಷಧಿಯೂ ಕೈತಪ್ಪುತ್ತದೆ. ಭೇದಿ ಕಟ್ಟಿಸುವ ಲೊಪೆರಮೈಡ್ ಕೂಡ ಇದೇ ಕೌಂಟರಿನದು. ಎಂಡಿಆರ್1 ಎಂಬ ಜೀನಿನ ದೋಷವಿರುವ ಕಾಲಿ, ಶೆಲ್ಟಿ ನಾಯಿಗಳಲ್ಲಿ ಅದು ಮೆದುಳಿಗೆ ನುಗ್ಗುತ್ತದೆ.

ಪ್ರೆಡ್ನಿಸೊಲೋನ್ ಒಂದರಿಂದಲೇ ಸಾಲದಿದ್ದಾಗ ಬೇರೆ ಔಷಧಿಗಳು ಬರುತ್ತವೆ, ಪ್ರತಿಯೊಂದಕ್ಕೂ ತನ್ನದೇ ಕಟ್ಟುಪಾಡು. ಬುಡೆಸೊನೈಡಿನ ಹೆಚ್ಚಿನ ಭಾಗ ಯಕೃತ್ತಿನಲ್ಲಿ ಒಡೆದುಹೋಗುವುದರಿಂದ ಮೈಮೇಲಿನ ದುಷ್ಪರಿಣಾಮ ಕಡಿಮೆ, ಆದರೆ ಲೇಪನವಿರುವ ಅದರ ಕ್ಯಾಪ್ಸೂಲನ್ನು ಪುಡಿ ಮಾಡಬಾರದು. ಸೈಕ್ಲೊಸ್ಪೊರಿನನ್ನು ದೇಹ ಚೆನ್ನಾಗಿ ಹೀರಿಕೊಳ್ಳುವುದು ಖಾಲಿ ಹೊಟ್ಟೆಯಲ್ಲಿ. ಅಝಥಯೊಪ್ರಿನ್ ಮತ್ತು ಕ್ಲೊರಾಂಬ್ಯುಸಿಲ್ ಮೂಳೆಮಜ್ಜೆಯನ್ನು ಕುಗ್ಗಿಸಬಲ್ಲವು. ಆಗಾಗ ರಕ್ತಕಣಗಳ ಎಣಿಕೆ ಮಾಡಿಸಬೇಕು, ಮಾತ್ರೆಯನ್ನು ತುಂಡರಿಸದೆ ಕೈಗವಸು ಹಾಕಿ ಕೊಡಬೇಕು, ಮನೆಯಲ್ಲಿ ಬಸುರಿಯಿದ್ದರೆ ಆಕೆ ಮುಟ್ಟಲೇಬಾರದು. ಸಲ್ಫಸಲಝೀನ್ ಕಣ್ಣೀರನ್ನು ಬತ್ತಿಸುತ್ತದೆ, ಆದ್ದರಿಂದ ಕಣ್ಣಿನ ತಪಾಸಣೆಯೂ ಬೇಕು. ರಕ್ತದಲ್ಲಿ ಬಿ12 ಇಳಿದಿದ್ದರೆ ಅದನ್ನೂ ತುಂಬಿಕೊಡಬೇಕು. ಇಲ್ಲವಾದರೆ ಉಳಿದ ಚಿಕಿತ್ಸೆ ಸರಿಯಾಗಿ ಹತ್ತುವುದಿಲ್ಲ.

ಮಾತ್ರೆ ನುಂಗಿಸುವ ಬಗೆಯಲ್ಲೇ ಹಲವು ಮನೆಗಳು ಚಿಕಿತ್ಸೆಯನ್ನು ಮಣ್ಣುಪಾಲು ಮಾಡುತ್ತವೆ. ಹೈಡ್ರೊಲೈಸ್ಡ್ ಆಹಾರದ ಮೇಲಿರುವ ನಾಯಿಗೆ ಕೋಳಿ ತುಂಡಿನಲ್ಲೋ ಪೇಡಾದಲ್ಲೋ ಮೊಸರನ್ನದಲ್ಲೋ ಮಾತ್ರೆ ಹುದುಗಿಸಿ ಕೊಟ್ಟರೆ ಎರಡು ವಾರದ ಪಥ್ಯವೆಲ್ಲ ನೀರಿನಲ್ಲಿ ಹೋಮ. ಅದೇ ಆಹಾರದ ಕಾಳುಗಳನ್ನು ಬಿಸಿನೀರಲ್ಲಿ ನೆನೆಸಿ, ಕಿವುಚಿ, ಉಂಡೆ ಕಟ್ಟಿ ಒಳಗೆ ಮಾತ್ರೆ ಇಡಬಹುದು. ಮೊದಲು ಮಾತ್ರೆಯಿಲ್ಲದ ಉಂಡೆ, ನಂತರ ಮಾತ್ರೆಯದು, ಬೆನ್ನಿಗೇ ಇನ್ನೊಂದು ಖಾಲಿ ಉಂಡೆ. ಉಂಡೆ ಒಲ್ಲೆನ್ನುವ ನಾಯಿಗೆ ಮಾತ್ರೆಯನ್ನು ನಾಲಿಗೆಯ ಬುಡದಲ್ಲಿಟ್ಟು, ಬಾಯಿ ಮುಚ್ಚಿ ಹಿಡಿದು, ಗಂಟಲು ನೇವರಿಸಿ, ಹಿಂದೆಯೇ ಸಿರಿಂಜಿನಿಂದ ಕೆನ್ನೆಯ ಸಂದಿಗೆ ಸ್ವಲ್ಪ ನೀರು ಬಿಡಬೇಕು. ಔಷಧಿ ನಡೆಯುತ್ತಿರುವಾಗ ಲಸಿಕೆಯ ದಿನ ಬಂದರೆ ಮೊದಲು ಸ್ಟೀರಾಯ್ಡಿನ ಸಂಗತಿ ಹೇಳಬೇಕು. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಬೇಕು. ಡೋಸು ಇಳಿಸಲು ವೈದ್ಯರಿಗೆ ಬೇಕಾಗುವ ಮಾಹಿತಿಗಳಲ್ಲಿ ಅದೂ ಒಂದು. ಡಾಂಬರಿನಂಥ ಕಪ್ಪು ಮಲ, ವಾಂತಿಯಲ್ಲಿ ರಕ್ತ, ಬಿಳುಚಿದ ಅಥವಾ ಹಳದಿ ತಿರುಗಿದ ಒಸಡು, ಎದ್ದು ನಿಲ್ಲಲಾಗದ ಸುಸ್ತು, ಇವುಗಳಲ್ಲಿ ಒಂದು ಕಂಡರೂ ಅಂದೇ ಪಶುವೈದ್ಯರ ಬಳಿಗೆ ಓಡಬೇಕು, ಇರುವ ಮಾತ್ರೆಗಳೆಲ್ಲವನ್ನೂ ಹಿಡಿದುಕೊಂಡು. ನಾಯಿಯ ತೂಕವನ್ನೂ ಕೇಳದೆ ಮಾತ್ರೆ ಕತ್ತರಿಸಿ ಕೊಡುವ ಕೌಂಟರಿನಲ್ಲಿ ಇವುಗಳಿಗೆ ಪರಿಹಾರವಿಲ್ಲ.